ನಗುವವರು ಯಾರು? ನಗಿಸುವವರು ಯಾರು?

ಆಷಾಢದ ಒಂದು ಸಂಜೆ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ವರ್ಷದ ಹೆಚ್ಚಿನ ದಿನಗಳನ್ನು ಕಡಲಿನಲ್ಲೇ ಕಳೆಯುವ ಅಪ್ಪ ಈಗ ಮನೆಯಲ್ಲಿದ್ದಾರೆ. ಹೊರಗೆ ಹೊಯ್ಯೋ ಎಂದು ಮಳೆ. ಒಳಗೆ ಟಿ.ವಿ.ಯಲ್ಲಿ ಹಳೆಯ ಹಾಸ್ಯ ಧಾರಾವಾಹಿಯೊಂದರ ಮರುಪ್ರಸಾರ. ಎಂಟನೆಯ ತರಗತಿಯ ಮಗ, ಅಪ್ಪ, ಅಜ್ಜಿ ಮೂವರೂ ಅದರ ಮುಂದೆ ಕುಳಿತಿದ್ದಾರೆ.

ತೆರೆಯ ಮೇಲಿನ ಗಂಡ ಏನೋ ಹೇಳಿದ. ಕೂಡಲೇ ನೂರಾರು ಮಂದಿ ‘ಹೋ’ ಎಂದು ನಕ್ಕರು. ಹುಡುಗ ಕೇಳಿದ: "ಅಪ್ಪಾ, ಹೀಗೆ ನಗುವುದು ಯಾರು? ಅಲ್ಲಿ ಇರುವುದು ಗಂಡ, ಹೆಂಡತಿ ಇಬ್ಬರೇ ಅಲ್ಲವಾ?"

"ಯಾರಾದರೂ ನಗಲಿ ಮಾರಾಯ, ನೀನು ಸುಮ್ಮನೆ ನೋಡು. ಇಲ್ಲದಿದ್ದರೆ ಎದ್ದು ಪುಸ್ತಕ ಹಿಡಿ."

ಅಜ್ಜಿ ಮಾತ್ರ ಸುಮ್ಮನಿರಲಿಲ್ಲ. "ಆಟದಲ್ಲಾದರೆ ನಗುವುದು ನಾವು. ಇದರಲ್ಲಿ ನಮ್ಮ ಬದಲು ಅವರೇ ನಗುತ್ತಾರೆ!" ಎಂದರು.

ಇಂತಹ ಮಾತು ಎಷ್ಟೋ ಮನೆಗಳಲ್ಲಿ ನಡೆದಿರಬಹುದು. ಹುಡುಗನ ಪ್ರಶ್ನೆ ಚಿಕ್ಕದೇ ಆದರೂ ಉತ್ತರ ಚಿಕ್ಕದಲ್ಲ. ಅಜ್ಜಿಯ ಮಾತಿನಲ್ಲಿ ಆ ಉತ್ತರದ ಅರ್ಧ ಭಾಗ ಆಗಲೇ ಬಂದುಬಿಟ್ಟಿದೆ.

ಪ್ರೇಕ್ಷಕರಿಲ್ಲದ ಹಾಸ್ಯ

ಯಕ್ಷಗಾನದ ಹಾಸ್ಯಗಾರರನ್ನು ನೆನಪಿಸಿಕೊಳ್ಳಿ. ಅವರ ಮಾತಿಗೆ ಸಭೆ ನಕ್ಕರೆ ಅವರು ಕ್ಷಣಕಾಲ ತಡೆಯುತ್ತಾರೆ. ನಗು ಇಳಿಯತೊಡಗಿದಾಗ ಮುಂದಿನ ಮಾತು ಬಿಡುತ್ತಾರೆ. ಸಭೆ ನಗಲಿಲ್ಲವೆಂದರೆ ಅದೇ ಮಾತನ್ನು ಬೇರೊಂದು ಬಗೆಯಲ್ಲಿ ತಿರುಗಿಸುತ್ತಾರೆ. ನಗುವಿನ ನಡುವೆಯೇ ಮಾತನಾಡಿದರೆ ಮಾತು ಕೇಳಿಸದು, ತೀರಾ ತಡವಾದರೆ ರಂಗ ಸಪ್ಪೆಯಾಗುತ್ತದೆ. ಎಷ್ಟು ಹೊತ್ತು ತಡೆಯಬೇಕು ಎಂಬುದನ್ನು ಹಾಸ್ಯಗಾರನಿಗೆ ತಿಳಿಸುವವರು ಪ್ರೇಕ್ಷಕರೇ. ಕರಾವಳಿಯ ತುಳು ಹಾಸ್ಯ ನಾಟಕಗಳೂ ಬೆಳೆದದ್ದು ಹೀಗೆಯೇ.

ಕಿರುತೆರೆಯ ನಟನಿಗೆ ಈ ಅನುಕೂಲ ಇಲ್ಲ. ಅವನೆದುರು ಇರುವುದು ಕ್ಯಾಮೆರಾ, ದೀಪ, ತಂತಿ ಮತ್ತು ಉಸಿರು ಬಿಗಿಹಿಡಿದು ನಿಂತ ಹತ್ತಿಪ್ಪತ್ತು ಮಂದಿ ಕೆಲಸಗಾರರು. ಅವರಲ್ಲಿ ಯಾರೂ ನಗುವಂತಿಲ್ಲ. ನಕ್ಕರೆ ಧ್ವನಿಮುದ್ರಣ ಹಾಳು! ಹಾಗಾದರೆ ಮಾತು ನಗೆ ತರಿಸಿತೋ ಇಲ್ಲವೋ ಎಂದು ಹೇಳುವವರು ಯಾರು? ಹಾಸ್ಯ ಧಾರಾವಾಹಿಯ ನಿರ್ದೇಶಕ ಎದುರಿಸಬೇಕಾದ ಮೊದಲ ಸಮಸ್ಯೆಯೇ ಇದು. ಇದಕ್ಕೆ ಜಗತ್ತಿನಲ್ಲಿ ಮೂರು ಬಗೆಯ ಪರಿಹಾರಗಳು ಹುಟ್ಟಿಕೊಂಡವು.

ಮೂರು ಗೋಡೆ, ಮೂರು ಕ್ಯಾಮೆರಾ

ಮೊದಲನೆಯದು, ಪ್ರೇಕ್ಷಕರನ್ನೇ ಸ್ಟುಡಿಯೋಗೆ ಕರೆತರುವುದು. 1951ರಲ್ಲಿ ಅಮೆರಿಕದಲ್ಲಿ ‘ಐ ಲವ್ ಲೂಸಿ’ ಎಂಬ ಹಾಸ್ಯ ಧಾರಾವಾಹಿ ಆರಂಭವಾಯಿತು. ನಟಿ ಲೂಸಿಲ್ ಬಾಲ್ ಮತ್ತು ಅವರ ಪತಿ ಡೆಸಿ ಅರ್ನಾಜ್ ಅದರ ಜೀವಾಳ. ಆ ದಿನಗಳಲ್ಲಿ ಇಂತಹ ಕಾರ್ಯಕ್ರಮಗಳು ಹೆಚ್ಚಾಗಿ ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ಈ ದಂಪತಿಗೆ ಹಾಲಿವುಡ್ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಹಾಗಾಗಿ ನಾಟಕದಂತೆ ಜನರೆದುರಿಗೇ ಅಭಿನಯಿಸುವುದು, ಅದನ್ನು ಏಕಕಾಲಕ್ಕೆ ಮೂರು ಕ್ಯಾಮೆರಾಗಳಿಂದ ಫಿಲ್ಮಿನಲ್ಲಿ ಸೆರೆಹಿಡಿಯುವುದು ಎಂದು ತೀರ್ಮಾನವಾಯಿತು. ಫಿಲ್ಮಿನ ವೆಚ್ಚಕ್ಕಾಗಿ ದಂಪತಿ ತಮ್ಮ ಸಂಬಳದಲ್ಲಿ ಕಡಿತ ಒಪ್ಪಿಕೊಂಡರು. ಬದಲಿಗೆ ಆ ಫಿಲ್ಮುಗಳ ಒಡೆತನ ಪಡೆದರು. ಮುಂದೆ ಮರುಪ್ರಸಾರ ಎಂಬುದೇ ದೊಡ್ಡ ವ್ಯಾಪಾರವಾದಾಗ ಆ ಒಪ್ಪಂದದ ಬೆಲೆ ಎಲ್ಲರಿಗೂ ತಿಳಿಯಿತು.

ಇಲ್ಲೊಂದು ವಿಜ್ಞಾನದ ಸಮಸ್ಯೆ ಇತ್ತು. ಸಿನಿಮಾದಲ್ಲಿ ಪ್ರತಿ ದೃಶ್ಯಕ್ಕೂ ದೀಪಗಳನ್ನು ಸರಿಸಿ, ಕ್ಯಾಮೆರಾ ಇರುವ ಕಡೆಗೆ ತಕ್ಕಂತೆ ಬೆಳಕು ಕೊಡುತ್ತಾರೆ. ಮೂರು ಕ್ಯಾಮೆರಾಗಳು ಮೂರು ದಿಕ್ಕಿನಿಂದ ಒಟ್ಟಿಗೆ ನೋಡುತ್ತಿರುವಾಗ ಹಾಗೆ ಮಾಡುವುದು ಹೇಗೆ? ಒಂದು ಕ್ಯಾಮೆರಾಕ್ಕೆ ಸರಿಯಾದ ಬೆಳಕು ಇನ್ನೊಂದಕ್ಕೆ ನೆರಳಾಗುತ್ತದೆ. ನೆಲದ ಮೇಲೆ ದೀಪ ನಿಲ್ಲಿಸಿದರೆ ಕ್ಯಾಮೆರಾ ಓಡಾಡಲು ದಾರಿ ಇಲ್ಲ. ಈ ಗಂಟನ್ನು ಬಿಡಿಸಿದವರು ಕಾರ್ಲ್ ಫ್ರಾಯಂಡ್ ಎಂಬ ಛಾಯಾಗ್ರಾಹಕರು. 1927ರ ಪ್ರಸಿದ್ಧ ಜರ್ಮನ್ ಮೂಕಿಚಿತ್ರ ‘ಮೆಟ್ರೊಪೊಲಿಸ್’ಗೆ ದುಡಿದವರು. ಅವರು ದೀಪಗಳನ್ನು ಮೇಲಕ್ಕೆ ತೂಗುಹಾಕಿಸಿ ಇಡೀ ರಂಗಕ್ಕೆ ಹೆಚ್ಚುಕಡಿಮೆ ಸಮನಾದ ಬೆಳಕು ಬೀಳುವಂತೆ ಮಾಡಿದರು. ನಟರು ಎಲ್ಲಿ ನಿಂತರೂ, ಯಾವ ಕ್ಯಾಮೆರಾ ನೋಡಿದರೂ ಮುಖ ಸ್ಪಷ್ಟ.

ಇಂದಿಗೂ ಇಂತಹ ಸ್ಟುಡಿಯೋದಲ್ಲಿ ಕಾಣುವುದು ಇದೇ ಏರ್ಪಾಡು. ಮನೆಯ ಸೆಟ್ಟಿಗೆ ಮೂರೇ ಗೋಡೆ. ನಾಲ್ಕನೆಯ ಗೋಡೆ ಇರಬೇಕಾದಲ್ಲಿ ಕ್ಯಾಮೆರಾಗಳು, ಅವುಗಳ ಹಿಂದೆ ಪ್ರೇಕ್ಷಕರು. ನಡುವಿನ ಕ್ಯಾಮೆರಾ ಇಡೀ ಕೋಣೆಯನ್ನು ಹಿಡಿಯುತ್ತದೆ, ಅಕ್ಕಪಕ್ಕದವು ಮುಖಗಳನ್ನು ಹಿಡಿಯುತ್ತವೆ. ನಮ್ಮ ಧಾರಾವಾಹಿಗಳ ಸೋಫಾ ಯಾವಾಗಲೂ ಕೋಣೆಯ ನಡುವೆ, ನಮ್ಮ ಕಡೆಗೇ ಮುಖ ಮಾಡಿಕೊಂಡಿರುವುದು ಏಕೆ ಎಂಬುದು ಈಗ ಹೊಳೆಯಿತಲ್ಲ!

ಅಲ್ಲಿ ಒಂದು ಕಂತಿಗೆ ಸಾಮಾನ್ಯವಾಗಿ ಐದು ದಿನಗಳ ಕೆಲಸ. ಮೊದಲ ದಿನ ಎಲ್ಲರೂ ಮೇಜಿನ ಸುತ್ತ ಕುಳಿತು ಸಂಭಾಷಣೆ ಓದುತ್ತಾರೆ. ನಗು ಬಾರದ ಮಾತುಗಳನ್ನು ಬರಹಗಾರರು ಅಂದೇ ತಿದ್ದಲು ತೊಡಗುತ್ತಾರೆ. ಮುಂದಿನ ದಿನಗಳಲ್ಲಿ ತಾಲೀಮು. ಬಳಿಕ ಯಾವ ಮಾತಿಗೆ ಯಾರು ಎಲ್ಲಿ ನಿಲ್ಲಬೇಕು, ಯಾವ ಕ್ಯಾಮೆರಾ ಯಾರನ್ನು ನೋಡಬೇಕು ಎಂಬ ಲೆಕ್ಕ. ಕೊನೆಯ ದಿನ ಪ್ರೇಕ್ಷಕರೆದುರು ಚಿತ್ರೀಕರಣ. ಅಂದು ಜನ ನಗದಿದ್ದರೆ ಬರಹಗಾರರು ಅಲ್ಲೇ ಮಾತು ಬದಲಿಸಿಕೊಡುವುದೂ ಉಂಟು.

ಪೆಟ್ಟಿಗೆಯೊಳಗಿನ ನಗು

ಎಲ್ಲ ಧಾರಾವಾಹಿಗಳಿಗೂ ಪ್ರೇಕ್ಷಕರನ್ನು ಕೂರಿಸಲು ಆಗುವುದಿಲ್ಲ. ಬಂದವರೂ ಒಮ್ಮೆ ನಗುತ್ತಾರೆ, ಒಮ್ಮೆ ನಗುವುದಿಲ್ಲ. ಹತ್ತನೆಯ ಸಲ ಅದೇ ದೃಶ್ಯ ತೆಗೆಯುವಾಗ ಪಾಪ, ಅವರಾದರೂ ನಗುವುದು ಹೇಗೆ? ಇದಕ್ಕೆ ಎರಡನೆಯ ಪರಿಹಾರ ಹುಡುಕಿದವರು ಚಾರ್ಲಿ ಡಗ್ಲಸ್ ಎಂಬ ಅಮೆರಿಕದ ಧ್ವನಿತಂತ್ರಜ್ಞರು. 1950ರ ದಶಕದಲ್ಲಿ ಅವರು ನಗುವಿನ ಯಂತ್ರವೊಂದನ್ನು ತಯಾರಿಸಿದರು. ಅದರೊಳಗಿನ ಟೇಪುಗಳಲ್ಲಿ ಬಗೆಬಗೆಯ ನಗು: ಮುಗುಳ್ನಗೆ, ಕಿಸಕ್ಕನೆ ನಗುವುದು, ಹೊಟ್ಟೆ ಹಿಡಿದುಕೊಂಡು ನಗುವುದು. ಹಾರ್ಮೋನಿಯಂ ನುಡಿಸುವಂತೆ ಗುಂಡಿಗಳನ್ನು ಒತ್ತಿ ಬೇಕಾದಲ್ಲಿ ಬೇಕಾದ ನಗುವನ್ನು ಬೆರೆಸಬಹುದಿತ್ತು.

ಮಲ್ಪೆಯ ಹುಡುಗ ಕೇಳಿದ ನಗು ಬಹುಶಃ ಇದೇ ಜಾತಿಯದು. ನಕ್ಕವರು ನಿಜವಾದ ಮನುಷ್ಯರೇ ಹೌದು. ಆದರೆ ಅವರು ನಕ್ಕದ್ದು ಯಾವತ್ತೋ, ಇನ್ಯಾವುದೋ ಮಾತಿಗೆ!

ಇದರಿಂದ ತೊಂದರೆ ಏನು? ನಗು ಸಾಂಕ್ರಾಮಿಕ. ಪಕ್ಕದವರು ನಕ್ಕರೆ ನಮಗೂ ನಗು ಬರುತ್ತದೆ. ಮಾತಿನಲ್ಲಿ ಹುರುಳಿಲ್ಲದಿದ್ದರೂ ಪೆಟ್ಟಿಗೆಯ ನಗು ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಯಾರನ್ನೋ ಹೀಯಾಳಿಸಿದ ಮಾತಿಗೆ, ಕುಂಟುವವರ ನಡಿಗೆಗೆ, ಕಪ್ಪು ಬಣ್ಣಕ್ಕೆ ಪೆಟ್ಟಿಗೆ ನಕ್ಕಿತೆನ್ನಿ, ನಗಬಾರದ್ದಕ್ಕೂ ಮಕ್ಕಳು ನಗಲು ಕಲಿಯುತ್ತಾರೆ. ಹೆತ್ತವರು ಯೋಚಿಸಬೇಕಾದ ವಿಚಾರ ಇದು.

ಈ ಪ್ರಶ್ನೆ ಅಲ್ಲಿನವರನ್ನೂ ಕಾಡಿತ್ತು. 1972ರಿಂದ 1983ರವರೆಗೆ ಪ್ರಸಾರವಾದ ‘ಮ್ಯಾಶ್’ ಕೊರಿಯಾ ಯುದ್ಧಕಾಲದ ಸೇನಾ ಆಸ್ಪತ್ರೆಯೊಂದರ ಹಾಸ್ಯ ಧಾರಾವಾಹಿ. ಅದಕ್ಕೆ ಮುದ್ರಿತ ನಗು ಬೇಡವೆಂದು ತಯಾರಕರು ಹೇಳಿದರು, ಬೇಕೇ ಬೇಕೆಂದು ವಾಹಿನಿಯವರು ಪಟ್ಟುಹಿಡಿದರು. ಕೊನೆಗೆ ಒಂದು ರಾಜಿ ಆಯಿತು. ಶಸ್ತ್ರಚಿಕಿತ್ಸೆಯ ಕೊಠಡಿಯ ದೃಶ್ಯಗಳಲ್ಲಿ ನಗುವಿನ ಸದ್ದು ಇರಕೂಡದು! ಗಾಯಗೊಂಡ ಸೈನಿಕ ಮೇಜಿನ ಮೇಲೆ ಮಲಗಿರುವಾಗ ವೈದ್ಯರು ತಮಾಷೆ ಆಡಬಹುದು, ಆದರೆ ನಗಬೇಕೋ ಬೇಡವೋ ಎಂಬುದನ್ನು ನೋಡುಗನೇ ನಿರ್ಧರಿಸಲಿ ಎಂಬ ವಿವೇಕ ಅದರಲ್ಲಿದೆ.

ಬೆಂಗಳೂರಿನ ಬಾಡಿಗೆ ಮನೆಯಲ್ಲಿ

ನಮ್ಮ ದೇಶಕ್ಕೆ ಬರೋಣ. 1984ರಲ್ಲಿ ದೂರದರ್ಶನದಲ್ಲಿ ಮೂಡಿಬಂದ ‘ಯೇ ಜೋ ಹೈ ಜಿಂದಗಿ’ ಹಿಂದಿಯ ಮೊದಮೊದಲ ಹಾಸ್ಯ ಧಾರಾವಾಹಿಗಳಲ್ಲಿ ಒಂದು. ಬರೆದವರು ಹಿಂದಿಯ ವಿಡಂಬನ ಲೇಖಕ ಶರದ್ ಜೋಶಿ. ಅದರಲ್ಲಿ ಸತೀಶ್ ಶಾ ಕಂತಿಗೊಂದು ಹೊಸ ವೇಷದಲ್ಲಿ ಕಾಣಿಸಿಕೊಳ್ಳುತ್ತಿದ್ದುದನ್ನು ಹಿರಿಯರು ಇನ್ನೂ ಮರೆತಿಲ್ಲ. ಕನ್ನಡದಲ್ಲಿ ದೂರದರ್ಶನದ ಕಾಲಕ್ಕೆ ರಮೇಶ್ ಭಟ್ ಅವರ ‘ಕ್ರೇಜಿ ಕರ್ನಲ್’ ಮನೆಮಾತಾಯಿತು. 2000ನೇ ಇಸವಿಯ ಕೊನೆಯಲ್ಲಿ ಈಟಿವಿ ಕನ್ನಡ ಆರಂಭವಾದ ಮೇಲೆ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’, ವಿಜಯಪ್ರಸಾದ್ ನಿರ್ದೇಶನದ ‘ಸಿಲ್ಲಿ ಲಲ್ಲಿ’ ದಿನನಿತ್ಯದ ಹಾಸ್ಯದ ರುಚಿ ಹತ್ತಿಸಿದವು. ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠಲ್‌ರಾವ್, ಸಮಾಜಸೇವಕಿ ಲಲಿತಾಂಬ ಇವರನ್ನು ಅಂದಿನ ಮಕ್ಕಳು ಶಾಲಾ ವಾರ್ಷಿಕೋತ್ಸವಗಳಲ್ಲಿ ಅನುಕರಿಸಿ ತೋರಿಸುತ್ತಿದ್ದರು.

ದಿನಕ್ಕೊಂದು ಕಂತು ಎಂದರೆ ವಾರಗಟ್ಟಲೆ ತಾಲೀಮು ನಡೆಸಲು ಪುರುಸೊತ್ತಿಲ್ಲ. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ. ನಮ್ಮ ಟಿ.ವಿ.ಯಲ್ಲಿ ಸೆಕೆಂಡಿಗೆ 25 ಚಿತ್ರಗಳು ಹಾದುಹೋಗುತ್ತವೆ. ಗುಣಿಸಿ ನೋಡಿ: ಒಂದು ಕಂತಿಗೆ 33,000 ಚಿತ್ರಗಳು! ಒಂದೊಂದರಲ್ಲೂ ಬೆಳಕು, ಬಟ್ಟೆ, ವಸ್ತು ಎಲ್ಲವೂ ಹೊಂದಿಕೊಂಡಿರಬೇಕು.

ಅದಕ್ಕಾಗಿ ಕೆಲಸವನ್ನು ಕಥೆಯ ಕ್ರಮದಲ್ಲಿ ಮಾಡುವುದಿಲ್ಲ, ಜಾಗದ ಕ್ರಮದಲ್ಲಿ ಮಾಡುತ್ತಾರೆ. ಚಿತ್ರೀಕರಣಕ್ಕೆಂದು ಬಾಡಿಗೆಗೆ ಹಿಡಿದ ಮನೆಯ ಅಡುಗೆಕೋಣೆಯಲ್ಲಿ ನಡೆಯಬೇಕಾದ ದೃಶ್ಯಗಳು ನಾಲ್ಕು ಕಂತುಗಳಿಗೆ ಸೇರಿದ್ದರೂ ಒಂದೇ ಬೆಳಿಗ್ಗೆ ಮುಗಿಯುತ್ತವೆ. ಹೆಂಡತಿ ಬೆಳಿಗ್ಗೆ 9ಕ್ಕೆ ಸೋಮವಾರದ ಸೀರೆಯಲ್ಲಿ ಸಿಟ್ಟಾಗುತ್ತಾಳೆ, 11ಕ್ಕೆ ಗುರುವಾರದ ಸೀರೆಯಲ್ಲಿ ನಗುತ್ತಾಳೆ. ಈ ಗೊಂದಲ ತಪ್ಪಿಸಲು ಸಹಾಯಕ ನಿರ್ದೇಶಕರೊಬ್ಬರು ಬರೆದಿಟ್ಟುಕೊಳ್ಳುತ್ತಾರೆ. ಲೋಟದಲ್ಲಿ ಕಾಫಿ ಎಷ್ಟಿತ್ತು? ಸೆರಗು ಯಾವ ಹೆಗಲಿನ ಮೇಲಿತ್ತು? ಗೋಡೆಯ ಗಡಿಯಾರ ಎಷ್ಟು ತೋರಿಸುತ್ತಿತ್ತು? ಒಂದು ತಪ್ಪಿದರೂ ತುಂಬಿದ ಲೋಟ ಮರುಕ್ಷಣ ಖಾಲಿಯಾಗಿ ಕಾಣುತ್ತದೆ.

ಧ್ವನಿ ಹಿಡಿಯುವವರ ಕಷ್ಟ ಇನ್ನೊಂದು ಬಗೆಯದು. ನಮ್ಮ ಕಿವಿ ಬೇಡದ ಸದ್ದನ್ನು ಬದಿಗೆ ಸರಿಸುತ್ತದೆ. ಮೈಕಿಗೆ ಆ ಬುದ್ಧಿ ಇಲ್ಲ. ಆದ್ದರಿಂದ ‘ಆ್ಯಕ್ಷನ್’ ಎನ್ನುವ ಮೊದಲು ಫ್ಯಾನು ನಿಲ್ಲುತ್ತದೆ, ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ನಿಲ್ಲುತ್ತದೆ. ಏಪ್ರಿಲ್ ತಿಂಗಳ ಸೆಖೆಯಲ್ಲಿ, ದೀಪಗಳ ಬಿಸಿಯ ಕೆಳಗೆ, ಬೆವರು ಒರೆಸಿಕೊಳ್ಳುತ್ತ ನಗಿಸಬೇಕು! ಮಾತು ನೆನಪಿಡಲು ಸಮಯವಿಲ್ಲದಾಗ ಸಹಾಯಕರು ಬದಿಯಿಂದ ಹೇಳಿಕೊಡುವುದು, ನಟರು ಅದನ್ನು ಹಿಡಿದು ನುಡಿಯುವುದು, ಆಮೇಲೆ ಧ್ವನಿಯನ್ನು ಬೇರೆಯಾಗಿ ಮುದ್ರಿಸಿ ಸೇರಿಸುವುದು, ಇವೂ ಉಂಟು.

ಎಡ ಬಲದ ಕಟ್ಟುಪಾಡು

ಒಂದೇ ಕ್ಯಾಮೆರಾ ಇದ್ದಾಗ ಅದನ್ನು ಎಲ್ಲೆಂದರಲ್ಲಿ ಇಡುವಂತಿಲ್ಲ. ಇದನ್ನು ತಿಳಿಯಲು ಮಲ್ಪೆಯ ಕಡಲ ತೀರಕ್ಕೇ ಹೋಗೋಣ. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ತೀರದಲ್ಲಿ ಮಲ್ಪೆಯಿಂದ ಉತ್ತರಕ್ಕೆ, ಹೂಡೆಯ ಕಡೆಗೆ ನಡೆಯುತ್ತಿದ್ದಾರೆ. ನೀವು ತೆಂಗಿನ ತೋಟದ ಬದಿಯಲ್ಲಿ ಕಡಲಿಗೆ ಮುಖಮಾಡಿ ನಿಂತರೆ ಅವರು ನಿಮ್ಮ ಎಡದಿಂದ ಬಲಕ್ಕೆ ಹೋಗುತ್ತಾರೆ. ಈಗ ದೋಣಿಯಲ್ಲಿ ಕುಳಿತು ದಡವನ್ನು ನೋಡಿ. ಅದೇ ಹೆಂಗಸು ಬಲದಿಂದ ಎಡಕ್ಕೆ! ಈ ಎರಡು ಚಿತ್ರಗಳನ್ನು ಒಂದರ ಹಿಂದೊಂದು ಜೋಡಿಸಿದರೆ ನೋಡುವವನು, ‘ಅರೆ, ಇವರೇಕೆ ಹಿಂದಕ್ಕೆ ತಿರುಗಿದರು?’ ಎಂದುಕೊಳ್ಳುತ್ತಾನೆ.

ಮಾತನಾಡುವ ಇಬ್ಬರ ನಡುವೆಯೂ ಇಂತಹ ಒಂದು ಕಾಲ್ಪನಿಕ ಗೆರೆ ಇದೆ. ಕ್ಯಾಮೆರಾ ಅದರ ಒಂದೇ ಬದಿಯಲ್ಲಿ ಇರಬೇಕು. ಗೆರೆಯಿಂದ ಈಚೆಗೆ ಅರ್ಧವೃತ್ತ, ಅಂದರೆ 180 ಡಿಗ್ರಿ, ಅದರ ಓಡಾಟದ ವ್ಯಾಪ್ತಿ. ರೇಖಾಗಣಿತ ಪರೀಕ್ಷೆಗೆ ಮಾತ್ರ ಎಂದು ತಿಳಿದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಹಾಸ್ಯಕ್ಕೆ ಈ ಕಟ್ಟುಪಾಡು ಇನ್ನಷ್ಟು ಮುಖ್ಯ. ಯಾರು ಎಲ್ಲಿದ್ದಾರೆಂದು ನೋಡುಗ ಒಂದು ಕ್ಷಣ ತಡಕಾಡಿದರೂ ನಗುವಿನ ಘಳಿಗೆ ಜಾರಿಹೋಗುತ್ತದೆ.

ಆಗುಂಬೆಯ ದೊಡ್ಡಮನೆ

ಮೂರನೆಯ ಪರಿಹಾರವನ್ನು ಕಾಣಲು ದೂರ ಹೋಗಬೇಕಿಲ್ಲ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದರೆ ಆಗುಂಬೆ. 1980ರ ದಶಕದಲ್ಲಿ ಶಂಕರ್‌ನಾಗ್ ಇಲ್ಲಿನ ದೊಡ್ಡಮನೆಯನ್ನೂ ಬೀದಿಗಳನ್ನೂ ಆರ್.ಕೆ. ನಾರಾಯಣರ ಮಾಲ್ಗುಡಿಯಾಗಿ ಮಾರ್ಪಡಿಸಿದರು. ‘ಮಾಲ್ಗುಡಿ ಡೇಸ್’ ಶುದ್ಧ ಹಾಸ್ಯ ಧಾರಾವಾಹಿಯಲ್ಲ. ಆದರೆ ತಿಳಿಹಾಸ್ಯಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ನಮ್ಮಲ್ಲಿ ಸುಲಭವಾಗಿ ಸಿಗದು. ನಿರ್ಮಾಪಕರು ಟಿ.ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್, ರೇಖಾಚಿತ್ರಗಳು ಆರ್.ಕೆ. ಲಕ್ಷ್ಮಣ್. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ರೈಲಿನ ದೃಶ್ಯಗಳಿಗೆ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ. ಅಲ್ಲಿ 2020ರಲ್ಲಿ ‘ಮಾಲ್ಗುಡಿ’ ಹೆಸರಿನ ವಸ್ತುಸಂಗ್ರಹಾಲಯವೂ ಆಯಿತು.

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಬಿಸಿಲು ಕಾದು ಚಿತ್ರೀಕರಿಸುವುದೆಂದರೆ ಸಾಮಾನ್ಯ ಮಾತಲ್ಲ. ನಿಜವಾದ ಮನೆಗೆ ನಾಲ್ಕೂ ಗೋಡೆ. ಒಂದನ್ನು ತೆಗೆದಿಟ್ಟು ಮೂರು ಕ್ಯಾಮೆರಾ ನಿಲ್ಲಿಸುವಂತಿಲ್ಲ. ಇಂತಹ ಕಡೆ ಕ್ಯಾಮೆರಾವನ್ನು ಸ್ಥಳಾಂತರಿಸುತ್ತ, ಅದೇ ಮಾತನ್ನು ಮತ್ತೆ ಮತ್ತೆ ಆಡಿಸುತ್ತ ಹೋಗಬೇಕು. ಬಾಲನಟನೊಬ್ಬ ಪ್ರತಿ ಸಲವೂ ಅದೇ ಮಾತಿಗೆ ಅದೇ ಕೈ ಎತ್ತಬೇಕು, ಮೊದಲ ಸಲದಷ್ಟೇ ಅಮಾಯಕವಾಗಿ ಕಣ್ಣು ಬಿಡಬೇಕು.

ಈ ಧಾರಾವಾಹಿಯಲ್ಲಿ ಪೆಟ್ಟಿಗೆಯ ನಗು ಎಲ್ಲಿಯೂ ಇಲ್ಲ. ಆದರೂ ತಂದೆಯ ಕಣ್ಣು ತಪ್ಪಿಸಲು ಹವಣಿಸುವ ಸ್ವಾಮಿಯನ್ನು ಕಂಡು ನಗದವರು ಯಾರು? ಇಲ್ಲಿ ನಗು ಹುಟ್ಟುವುದು ಮಾತಿನಿಂದಲ್ಲ, ಮಾತು ಕೇಳಿಸಿಕೊಂಡವರ ಮುಖದಿಂದ. ತಂದೆ ಪ್ರಶ್ನೆ ಕೇಳುತ್ತಾರೆ. ಕ್ಯಾಮೆರಾ ಹುಡುಗನ ಮುಖದ ಮೇಲೆ ನಿಲ್ಲುತ್ತದೆ. ಎಷ್ಟು ಹೊತ್ತು ನಿಲ್ಲಬೇಕು ಎಂಬುದೇ ನಿರ್ದೇಶಕನ ಗುಟ್ಟು. ಶಂಕರ್‌ನಾಗ್ ಬಂದದ್ದು ರಂಗಭೂಮಿಯಿಂದ. ‘ಸಂಕೇತ್’ ತಂಡ ಕಟ್ಟಿ ನಾಟಕವಾಡಿಸಿದವರು, ಜನರ ನಗುವನ್ನೂ ನಿಶ್ಶಬ್ದವನ್ನೂ ನೂರಾರು ಸಲ ಕೇಳಿಸಿಕೊಂಡವರು. ‘ಕ್ರೇಜಿ ಕರ್ನಲ್’ನ ರಮೇಶ್ ಭಟ್ ಕೂಡ ಅದೇ ತಂಡದವರು ಎಂಬುದು ಗಮನಾರ್ಹ. ಮೂರನೆಯ ಪರಿಹಾರ ಇದೇ. ಪ್ರೇಕ್ಷಕರು ಎದುರಿಗಿಲ್ಲದಿದ್ದರೂ ನಿರ್ದೇಶಕನ ಕಿವಿಯಲ್ಲಿ ಅವರು ಇರಬೇಕು.

ಹೆತ್ತವರಿಗೆ ಒಂದೆರಡು ಮಾತು

ಕಿರುತೆರೆಯ ಮಕ್ಕಳನ್ನು ಕಂಡು ‘ನಮ್ಮ ಮಗುವೂ ಟಿ.ವಿ.ಯಲ್ಲಿ ಬರಲಿ’ ಎಂದು ಆಸೆಪಡುವ ತಂದೆತಾಯಿಯರು ಹೆಚ್ಚುತ್ತಿದ್ದಾರೆ. ಆಸೆ ತಪ್ಪಲ್ಲ. ಆದರೆ ಆ 22 ನಿಮಿಷಗಳ ಹಿಂದಿನ ದುಡಿಮೆ ಎಷ್ಟೆಂಬುದು ಗೊತ್ತಿರಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿಶ್ರಾಂತಿ ಇಲ್ಲದೆ ಒಂದೇ ಸಮನೆ 3 ಗಂಟೆ ಮೀರುವಂತಿಲ್ಲ. ಸತತ 27 ದಿನಗಳಿಗಿಂತ ಹೆಚ್ಚು ಕೆಲಸ ಕೂಡದು. ಜಿಲ್ಲಾಧಿಕಾರಿಗಳ ಅನುಮತಿ ಬೇಕು, ಓದು ನಿಲ್ಲಬಾರದು. ಗಳಿಕೆಯ ಕನಿಷ್ಠ ಶೇಕಡಾ 20ರಷ್ಟು ಮಗುವಿನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಈ ನಿಯಮಗಳನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ಹೆತ್ತವರಿಗಿದೆ, ಹೊಣೆಯೂ ಅವರದೇ.

ತೆರೆಯ ಮೇಲೆ ಕಾಣಿಸಿಕೊಳ್ಳುವುದೊಂದೇ ದಾರಿಯಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಬೆಳಕು, ಧ್ವನಿ, ಸಂಕಲನ, ಬರವಣಿಗೆ, ಮರಗೆಲಸ, ಹೊಲಿಗೆ, ಲೆಕ್ಕಪತ್ರ ಎಲ್ಲಕ್ಕೂ ಅಲ್ಲಿ ಜಾಗವಿದೆ. ಪುಣೆಯ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆ, ಬೆಂಗಳೂರು ಬಳಿಯ ಹೆಸರಘಟ್ಟದ ಸರ್ಕಾರಿ ಸಂಸ್ಥೆ, ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ, ಮಣಿಪಾಲದ ಸಂವಹನ ಶಿಕ್ಷಣ ಸಂಸ್ಥೆ ಮುಂದಿನ ಕಲಿಕೆಗೆ ಇವೆ. ಮೊದಲ ಪಾಠವಂತೂ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ, ಊರಿನ ಮೇಳದ ಚೌಕಿಯಲ್ಲಿ ಉಚಿತವಾಗಿಯೇ ದೊರೆಯುತ್ತದೆ.

ಮನೆಯಲ್ಲೇ ಒಂದು ಪ್ರಯೋಗ

ಇದಕ್ಕೆ ಬೇಕಾದ ಸಲಕರಣೆ ಒಂದು ಟಿ.ವಿ., ಒಂದು ಗಡಿಯಾರ, ಒಂದು ನೋಟುಪುಸ್ತಕ. ಯಾವುದಾದರೂ ಹಾಸ್ಯ ಧಾರಾವಾಹಿಯ ಐದು ನಿಮಿಷಗಳನ್ನು ಧ್ವನಿ ಪೂರ್ತಿ ಅಡಗಿಸಿ ನೋಡಿ. ದೃಶ್ಯ ಎಷ್ಟು ಸಲ ಬದಲಾಯಿತೆಂದು ಗೀಟು ಎಳೆಯುತ್ತ ಎಣಿಸಿ. ಮಾತಾಡುವವರ ಮುಖ ಎಷ್ಟು ಸಲ, ಕೇಳಿಸಿಕೊಳ್ಳುವವರ ಮುಖ ಎಷ್ಟು ಸಲ ಬಂತೆಂದು ಬರೆದಿಡಿ. ಬಳಿಕ ಧ್ವನಿ ಕೊಟ್ಟು, ಮಾತು ಮುಗಿದ ಮೇಲೆ ಮುಂದಿನ ಮಾತಿಗೆ ಎಷ್ಟು ಬಿಡುವಿದೆಯೆಂದು ಅಳೆಯಿರಿ. ಕೊನೆಗೆ ಒಂದು ಪ್ರಶ್ನೆ: ಪೆಟ್ಟಿಗೆ ನಕ್ಕಾಗಲೆಲ್ಲ ನಿಮಗೆ ನಿಜವಾಗಿ ನಗು ಬಂತೆ?

ಮಲ್ಪೆಯಂತಹ ಊರಿನಲ್ಲಿ ಅಪ್ಪ, ಮಗ ಒಟ್ಟಿಗೆ ಕುಳಿತು ಇದನ್ನು ಮಾಡಲು ಮಳೆಗಾಲದ ಆ 61 ದಿನಗಳಿಗಿಂತ ಒಳ್ಳೆಯ ಸಮಯ ಬೇರೆ ಇಲ್ಲ. ಆಗಸ್ಟ್ ಬಂತೆಂದರೆ ಬೋಟುಗಳು ಹೊರಡುತ್ತವೆ. ಅದಕ್ಕೆ ಮೊದಲು ಹುಡುಗನ ಪ್ರಶ್ನೆಗೆ "ಸುಮ್ಮನೆ ನೋಡು" ಎನ್ನುವ ಬದಲು "ಬಾ, ಎಣಿಸಿ ನೋಡುವ" ಎಂದರೆ ಸಾಕು. ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಮಾತು ನಗೆಗೆ ಯೋಗ್ಯ, ಯಾವುದಲ್ಲ ಎಂದು ರಾತ್ರಿಯಿಡೀ ಆಟ ನೋಡಿದ ಅವರಿಗೆ ಪೆಟ್ಟಿಗೆಗಿಂತ ಚೆನ್ನಾಗಿ ಗೊತ್ತಿದೆ.